ಶರಣೆ ಜಯದೇವಿತಾಯಿ ಲಿಗಾಡೆ

ವಿದ್ಯಾರ್ಜನೆಗೆ ವಯಸ್ಸಿನ ಕಟ್ಟಿಲ್ಲ. ಶಿವಭಕ್ತಿಗಂತೂ ಇಲ್ಲವೇ ಇಲ್ಲ. ಬಾಲ್ಯದಲ್ಲಿ ಕನ್ನಡ ಅಕ್ಷರವನ್ನೇ ತಿದ್ದದ ಕೈಯು ಮುಂದೆ ಕನ್ನಡದಲ್ಲಿಯೇ ಪುರಾಣವನ್ನು ರಚಿಸಬಲ್ಲುದೆಂಬುದಕ್ಕೆ ಜಯದೇವಿತಾಯಿ ಲಿಗಾಡೆಯವರ ಜೀವಿತವು ನಿದರ್ಶನವಾಗಿದೆ.

ತಾಯಿಯವರು 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದರು. ಸಿದ್ಧರಾಮ ಶಿವಯೋಗಿಯು ಕೆರೆಯನ್ನು ಕಟ್ಟಿಸಿ ಲೋಕಹಿತವನ್ನೆಸಗಿದ ಸೊನ್ನಲಿಗೆಯೇ ಆ ಪುರ. ಮನೆಯ ಮಾತು ಕನ್ನಡವಾಗಿದ್ದರೂ ಶಾಲೆಯ ಪಾಠವು ಮರಾಠಿಯಲ್ಲಿ ನಡೆಯಿತು. ಎಳೆಯ ವಯಸ್ಸಿನಲ್ಲಿಯೇ ಚೆನ್ನಮಲ್ಲಪ್ಪ ಲಿಗಾಡೆಯವರ ಕೈಹಿಡಿದು ಗೃಹಿಣಿಯಾದರು. ಕನ್ನಡದ ಓದುಬರಹವು ಅವರಿಗೆ ಒಲಿದುದು ಆ ಬಳಿಕ, ಸಂಸಾರದ ಹೊರೆಯ ನಡುವೆ. ತಡವಾಗಿ ಕಲಿತ ಆ ಅಕ್ಷರವೇ ಶರಣರ ವಚನಭಂಡಾರಕ್ಕೆ ಬೀಗದಕೈಯಾಯಿತು.

ಕಾವ್ಯರಚನೆಗೆ ತೊಡಗಿದಾಗ ಅವರು ಪಂಡಿತರ ಬಿಗಿಬಂಧದ ವೃತ್ತಗಳನ್ನರಸಿ ಹೋಗಲಿಲ್ಲ. ಬೀಸುವ ಕಲ್ಲಿನ ಮುಂದೆ ಗರತಿಯರು ಹಾಡುವ ತ್ರಿಪದಿಯನ್ನೇ ಆಯ್ದುಕೊಂಡರು. ಸಿದ್ಧರಾಮನು ಬಸವಸ್ತೋತ್ರಕ್ಕೆ ಬಳಸಿದ ಛಂದಸ್ಸೂ ಅದೇ ಅಲ್ಲವೆ? ಪೂರ್ವದಲ್ಲಿ ರಾಘವಾಂಕನು ಷಟ್ಪದಿಯಲ್ಲಿ ಹಾಡಿದ ಶಿವಯೋಗಿಯ ಚರಿತೆಯನ್ನು ತಾಯಿಯವರು ನಾಲ್ಕು ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳಲ್ಲಿ 'ಶ್ರೀ ಸಿದ್ಧರಾಮೇಶ್ವರ ಪುರಾಣ'ವಾಗಿ ವಿಸ್ತರಿಸಿದರು. ಶಾಲೆಯಲ್ಲಿ ಕಲಿತ ಮರಾಠಿಯನ್ನೂ ವ್ಯರ್ಥಗೊಳಿಸದೆ, ಶರಣರ ನುಡಿಗಳನ್ನು ಆ ಭಾಷೆಗೆ ತಂದು ನೆರೆನಾಡಿನವರಿಗೂ ಉಣಬಡಿಸಿದರು.

ಕರ್ನಾಟಕದ ಏಕೀಕರಣಕ್ಕಾಗಿ ಅವರು ದುಡಿದರು. ಆದರೆ 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೊಲ್ಲಾಪುರವು ಕನ್ನಡನಾಡಿನ ಹೊರಗೇ ಉಳಿಯಿತು. ಹುಟ್ಟಿದೂರು ಗಡಿಯಾಚೆ ನಿಂತರೂ ಅವರ ಕನ್ನಡದ ಸೇವೆ ಮಾತ್ರ ನಿಲ್ಲಲಿಲ್ಲ.

ಆ ಸೇವೆಗೆ ಮನ್ನಣೆ ದೊರೆತುದು ದೂರದ ಕಾವೇರಿಯ ಸೀಮೆಯಲ್ಲಿ. 1915ರಲ್ಲಿ ಮೊದಲಾದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲ್ಲಿಯವರೆಗೆ ಯಾವ ಮಹಿಳೆಯೂ ಏರಿರಲಿಲ್ಲ. 1974ರಲ್ಲಿ ಮಂಡ್ಯದಲ್ಲಿ ಕೂಡಿದ 48ನೆಯ ಸಮ್ಮೇಳನವು ಅರುವತ್ತರ ಅಂಚಿನ ಈ ತಾಯಿಯನ್ನು ಆ ಪೀಠದಲ್ಲಿ ಕುಳ್ಳಿರಿಸಿತು. ಮದ್ದೂರು, ಮಳವಳ್ಳಿ, ಆತಗೂರುಗಳನ್ನೊಳಗೊಂಡ ಜಿಲ್ಲೆಗೆ ಈ ಕೀರ್ತಿಯು ಸಂದಿತು.

ಕೊನೆಯ ವರುಷಗಳನ್ನು ಬಸವಕಲ್ಯಾಣದಲ್ಲಿ ಕಳೆದ ತಾಯಿಯವರು 1986ರಲ್ಲಿ ಲಿಂಗೈಕ್ಯರಾದರು.

ಓದುವ ಕಾಲ ಮೀರಿತೆಂದು ಕೈಚೆಲ್ಲಿ ಕುಳಿತ ಗೃಹಸ್ಥರೂ ಗೃಹಿಣಿಯರೂ ಈ ಚರಿತೆಯನ್ನು ಮನನಮಾಡಬೇಕು. ಅವರ ಪಾಂಡಿತ್ಯವು ಎಲ್ಲರಿಗೂ ದಕ್ಕದಿರಬಹುದು. ದಿನವೊಂದು ವಚನವನ್ನು ಅರ್ಥವರಿತು ಓದುವ ವ್ರತವಾದರೋ ಯಾವ ಮನೆಗೂ ಎಟುಕುವಂಥದು. ಕಾಯಕದ ನಡುವೆಯೇ ಅರಿವು ಬೆಳೆಯುವುದೆಂಬ ಶರಣಮಾರ್ಗವನ್ನು ತಾಯಿಯವರು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟಿದ್ದಾರೆ.