ನೀರಿನ ಗುಟ್ಟನ್ನು ಅರಿತ ವೈದ್ಯ ಜಾನ್ ಸ್ನೋ

ನೀರು ಸಕಲ ಜೀವಿಗಳಿಗೂ ಆಧಾರ. ಆದರೆ ಮಲಿನವಾದಾಗ ಅದೇ ನೀರು ಪ್ರಾಣಕ್ಕೆ ಎರವಾಗುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡು ನಾಲಗೆಗೆ ಸವಿಯೆನಿಸುವ ನೀರೆಲ್ಲವೂ ಶುದ್ಧವೆಂದು ಹೇಳುವಂತಿಲ್ಲ. ರೋಗಾಣುಗಳ ವಿಚಾರ ಜಗತ್ತಿಗೆ ಇನ್ನೂ ಸ್ಪಷ್ಟವಾಗದಿದ್ದ ಕಾಲದಲ್ಲಿಯೇ ಈ ಸತ್ಯವನ್ನು ಲೆಕ್ಕಾಚಾರದಿಂದಲೂ ಪರೀಕ್ಷೆಯಿಂದಲೂ ತೋರಿಸಿಕೊಟ್ಟವನು ಜಾನ್ ಸ್ನೋ ಎಂಬ ಆಂಗ್ಲ ವೈದ್ಯ.

ಸ್ನೋ 1813ರ ಮಾರ್ಚ್ 15ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಜನಿಸಿದನು. ತಂದೆ ಕಲ್ಲಿದ್ದಲಿನ ಅಂಗಳದಲ್ಲಿ ದುಡಿಯುತ್ತಿದ್ದ ಕೂಲಿಕಾರ. ಒಂಬತ್ತು ಮಕ್ಕಳಲ್ಲಿ ಸ್ನೋ ಹಿರಿಯನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ನ್ಯೂಕಾಸಲ್ ಪಟ್ಟಣದ ಶಸ್ತ್ರವೈದ್ಯನೊಬ್ಬನಲ್ಲಿ ಶಿಷ್ಯನಾಗಿ ಸೇರಿದನು. 1831-32ರಲ್ಲಿ ಆ ಪ್ರಾಂತದಲ್ಲಿ ಕಾಲರಾ ವ್ಯಾಧಿ ಹಬ್ಬಿದಾಗ, ಇನ್ನೂ ಹದಿಹರೆಯದಲ್ಲಿದ್ದ ಸ್ನೋ ಕಲ್ಲಿದ್ದಲ ಗಣಿಯ ಕೆಲಸಗಾರರಿಗೆ ಶುಶ್ರೂಷೆ ಮಾಡಿದನು. ಗಣಿಯಾಳುಗಳು ಶೌಚದ ಅನುಕೂಲವಾಗಲಿ, ಕೈತೊಳೆಯಲು ನೀರಾಗಲಿ ಇಲ್ಲದೆ ಭೂಮಿಯ ಒಳಗೇ ಊಟ ಮಾಡುತ್ತಿದ್ದರೆಂಬ ಸಂಗತಿಗೆ ಅವನು ಮುಂದೆ ತನ್ನ ಗ್ರಂಥದಲ್ಲಿ ವಿಶೇಷ ಗಮನವಿತ್ತನು.

1836ರಲ್ಲಿ ಲಂಡನ್ನಿಗೆ ಬಂದ ಸ್ನೋ, 1844ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಿಂದ ಎಂ.ಡಿ. ಪದವಿಯನ್ನು ಪಡೆದನು. ಶಸ್ತ್ರಚಿಕಿತ್ಸೆಯ ನೋವನ್ನು ನೀಗುವ ಈಥರ್ ಮತ್ತು ಕ್ಲೋರೋಫಾರಂಗಳ ಬಳಕೆಯಲ್ಲಿ ನಿಷ್ಣಾತನಾದನು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯ ಸಮಯದಲ್ಲಿ ಕ್ಲೋರೋಫಾರಂ ಕೊಡಲು ಅವನನ್ನೇ ಕರೆಸಿದರು. ಕೂಲಿಕಾರನ ಮಗ ವೈದ್ಯನಾಗಿ ಅರಮನೆಯನ್ನು ಪ್ರವೇಶಿಸಿದನು. ಆದರೂ ಅವನ ಜೀವನ ಅತ್ಯಂತ ಸರಳವಾಗಿಯೇ ಉಳಿಯಿತು.

ಆ ಕಾಲದ ವೈದ್ಯರಲ್ಲಿ ಬಹುಮಂದಿ, ಕೊಳೆತ ವಸ್ತುಗಳಿಂದ ಏಳುವ ದುರ್ವಾಯುವೇ ಕಾಲರಾಕ್ಕೆ ಕಾರಣವೆಂದು ನಂಬಿದ್ದರು. ಸ್ನೋ ಬೇರೆ ರೀತಿಯಲ್ಲಿ ಯೋಚಿಸಿದನು. ಈ ರೋಗ ಮೊದಲು ತಗಲುವುದು ಕರುಳಿಗೆ, ಶ್ವಾಸಕೋಶಕ್ಕಲ್ಲ. ಆದ್ದರಿಂದ ರೋಗದ ವಿಷ ಉಸಿರಿನೊಡನೆ ಬರದೆ, ಬಾಯಿಯ ಮೂಲಕ ಆಹಾರ ಮತ್ತು ನೀರಿನೊಡನೆ ಹೊಟ್ಟೆಯನ್ನು ಸೇರುತ್ತಿರಬೇಕೆಂದು ಅವನು ತರ್ಕಿಸಿದನು. 1849ರಲ್ಲಿ ಈ ವಿಚಾರವನ್ನು ಒಂದು ಕಿರುಹೊತ್ತಗೆಯಲ್ಲಿ ಪ್ರಕಟಿಸಿದನಾದರೂ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ತರ್ಕವಷ್ಟೇ ಸಾಲದು, ಪ್ರಮಾಣವೂ ಬೇಕಾಗಿತ್ತು.

1854ರ ಆಗಸ್ಟ್ ತಿಂಗಳ ಕೊನೆಯ ರಾತ್ರಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತಮುತ್ತ ಕಾಲರಾ ಭುಗಿಲೆದ್ದಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಬದುಕಿದವರು ಮನೆಗಳನ್ನು ತೊರೆದು ಓಡಿದರು. ಸ್ನೋ ಮಾತ್ರ ಆ ಬೀದಿಗಳಿಗೇ ನಡೆದನು. ಅಲ್ಲಿನ ಬಾವಿಗೆ ಜೋಡಿಸಿದ್ದ ಕೈಪಂಪಿನ ಮೇಲೆ ಅವನಿಗೆ ಸಂಶಯ ಹುಟ್ಟಿತು. ನೀರನ್ನು ತಂದು ಪರೀಕ್ಷಿಸಿದರೆ ಅದರಲ್ಲಿ ಕಲ್ಮಷ ಬಹಳ ಸ್ವಲ್ಪವೇ ಕಂಡಿತು. ಆದರೂ ಅವನು ತನ್ನ ಶೋಧವನ್ನು ಕೈಬಿಡಲಿಲ್ಲ.

ಸರ್ಕಾರಿ ದಾಖಲೆಯಿಂದ ಸತ್ತವರ ಪಟ್ಟಿಯನ್ನು ಪಡೆದು ಅವನು ಮನೆಮನೆಗೂ ಹೋಗಿ ವಿಚಾರಿಸಿದನು. ಆ ಪಟ್ಟಿಯಲ್ಲಿದ್ದ 83 ಸಾವುಗಳಲ್ಲಿ ಹತ್ತು ಮಾತ್ರ ಬೇರೊಂದು ಪಂಪಿಗೆ ಹತ್ತಿರವಿದ್ದ ಮನೆಗಳಲ್ಲಿ ಸಂಭವಿಸಿದ್ದವು. ಆ ಹತ್ತರಲ್ಲಿಯೂ ಐದು ಮನೆಗಳವರು ಬ್ರಾಡ್ ಬೀದಿಯ ನೀರನ್ನೇ ಮೆಚ್ಚಿ ತರಿಸುತ್ತಿದ್ದರು. ಇನ್ನು ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಸಮೀಪದ ಬಡವರ ದುಡಿಮೆಮನೆಯಲ್ಲಿ 535 ಮಂದಿ ಇದ್ದರೂ ಸತ್ತವರು ಐವರೇ. ಅಲ್ಲಿಗೆ ಸ್ವಂತ ಬಾವಿಯಿತ್ತು. ಪಕ್ಕದ ಮದ್ಯ ತಯಾರಿಕೆಯ ಕಾರ್ಖಾನೆಯ ಕೆಲಸಗಾರರು ಪಂಪಿನ ನೀರನ್ನು ಮುಟ್ಟುತ್ತಿರಲಿಲ್ಲ. ಅವರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಇದಕ್ಕೆ ಪ್ರತಿಯಾಗಿ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸವಾಗಿದ್ದ ವೃದ್ಧೆಯೊಬ್ಬಳು ಹಳೆಯ ರುಚಿಯ ಮೋಹದಿಂದ ಅದೇ ಪಂಪಿನ ನೀರನ್ನು ತರಿಸಿ ಕುಡಿದು ಮರಣ ಹೊಂದಿದ್ದಳು. ಹೀಗೆ ನಿಯಮಕ್ಕೆ ಹೊರತೆಂದು ತೋರಿದ ಸಂಗತಿಗಳೇ ಸ್ನೋವಿನ ವಾದಕ್ಕೆ ಬಲವಾದ ಸಾಕ್ಷಿಗಳಾದವು.

ಸೆಪ್ಟೆಂಬರ್ 7ರಂದು ಅವನು ಆ ವಿಭಾಗದ ಆಡಳಿತ ಮಂಡಲಿಯ ಮುಂದೆ ಈ ವಿವರಗಳನ್ನಿಟ್ಟನು. ಮರುದಿನವೇ ಪಂಪಿನ ಹಿಡಿಕೆಯನ್ನು ತೆಗೆಸಲಾಯಿತು. ಜನರು ಊರು ಬಿಟ್ಟಿದ್ದರಿಂದ ಅಷ್ಟರಲ್ಲಿ ವ್ಯಾಧಿಯ ವೇಗ ಇಳಿಮುಖವಾಗಿತ್ತೆಂಬುದನ್ನು ಸ್ನೋ ಮರೆಮಾಚಲಿಲ್ಲ. ತನಗೆ ಅನುಕೂಲವಲ್ಲದ ಸತ್ಯವನ್ನೂ ಬರೆದಿಡುವ ಪ್ರಾಮಾಣಿಕತೆ ಅವನಲ್ಲಿತ್ತು.

ಆ ಪ್ರದೇಶದ ಪಾದ್ರಿಯಾಗಿದ್ದ ಹೆನ್ರಿ ವೈಟ್‌ಹೆಡ್ ಮೊದಲು ಸ್ನೋವಿನ ಮಾತನ್ನು ನಂಬಲಿಲ್ಲ. ಅದನ್ನು ಸುಳ್ಳೆಂದು ತೋರಿಸಲು ತಾನೂ ವಿಚಾರಣೆಗೆ ತೊಡಗಿ, ಕೊನೆಗೆ ಅದು ನಿಜವೆಂದು ಮನಗಂಡನು. ಪಂಪಿನ ಎದುರಿನ ಮನೆಯಲ್ಲಿ ಹಸುಗೂಸೊಂದು ರೋಗದಿಂದ ನರಳಿತ್ತು. ಅದರ ಬಟ್ಟೆಗಳನ್ನು ತೊಳೆದ ನೀರನ್ನು ನೆಲಮನೆಯ ಮಲಗುಂಡಿಗೆ ಸುರಿಯಲಾಗಿತ್ತು. ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆಗಳು ಸಡಿಲಗೊಂಡು, ಕೆಲವೇ ಅಡಿಗಳ ದೂರದಲ್ಲಿದ್ದ ಬಾವಿಗೆ ಕೊಳಚೆ ಜಿನುಗುತ್ತಿದ್ದುದು ಕಂಡುಬಂದಿತು.

ಅದೇ ವರ್ಷ ಸ್ನೋ ಇನ್ನೂ ದೊಡ್ಡದಾದ ಪರಿಶೀಲನೆಯೊಂದನ್ನು ಕೈಗೊಂಡನು. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳು ಒಂದೇ ಬೀದಿಯ ಮನೆಗಳಿಗೆ ನೀರನ್ನು ಒದಗಿಸುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಿಂದ ಥೇಮ್ಸ್ ನದಿಯ ಮೇಲ್ಭಾಗದಿಂದ ನೀರು ತರುತ್ತಿತ್ತು. ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯಾದರೋ ನಗರದ ಚರಂಡಿಗಳು ಸೇರುವ ಭಾಗದಿಂದಲೇ ನೀರೆತ್ತುತ್ತಿತ್ತು. ಯಾವ ಮನೆಗೆ ಯಾವ ನೀರೆಂಬುದು ಎಷ್ಟೋ ನಿವಾಸಿಗಳಿಗೇ ತಿಳಿದಿರಲಿಲ್ಲ. ಇದನ್ನು ಕಂಡುಹಿಡಿಯಲು ಸ್ನೋ ಉಪ್ಪಿನ ಪರೀಕ್ಷೆಯನ್ನು ಬಳಸಿದನು. ಸಮುದ್ರದ ಉಬ್ಬರದ ನೀರು ಲಂಡನ್ನಿನ ಬಳಿಯ ನದಿಯಲ್ಲಿ ಬೆರೆಯುತ್ತದೆ. ಚರಂಡಿ ನೀರಿನಲ್ಲಿಯೂ ಉಪ್ಪಿರುತ್ತದೆ. ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಬೆರೆಸಿದರೆ ಉಪ್ಪಿನ ಅಂಶವು ಬಿಳಿಯ ಗಷ್ಟಾಗಿ ತೋರುತ್ತದೆ. ಲ್ಯಾಂಬೆತ್ ಕಂಪನಿಯ ಒಂದು ಗ್ಯಾಲನ್ ನೀರಿನಲ್ಲಿ ಒಂದು ಗ್ರೇನ್‌ಗಿಂತ ಕಡಿಮೆ ಉಪ್ಪಿದ್ದರೆ, ಇನ್ನೊಂದು ಕಂಪನಿಯ ನೀರಿನಲ್ಲಿ 37.9 ಗ್ರೇನ್, ಎಂದರೆ ಸುಮಾರು ನಲವತ್ತು ಪಟ್ಟು ಹೆಚ್ಚು ಉಪ್ಪಿತ್ತು. ವ್ಯಾಧಿಯ ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ 37 ಸಾವುಗಳೂ, ಇನ್ನೊಂದು ಕಂಪನಿಯ ನೀರಿನವರಲ್ಲಿ 315 ಸಾವುಗಳೂ ಸಂಭವಿಸಿದ್ದವು. ಗಾಳಿ ಒಂದೇ, ಬೀದಿ ಒಂದೇ, ಬೇರೆಯಾಗಿದ್ದುದು ನೀರು.

ಇಷ್ಟಾದರೂ ಸರ್ಕಾರದ ತಜ್ಞರ ಸಮಿತಿ ಸ್ನೋವಿನ ಮತವನ್ನು ಮನ್ನಿಸಲಿಲ್ಲ. 1858ರ ಜೂನ್ 16ರಂದು, ತನ್ನ ನಲವತ್ತೈದನೆಯ ವಯಸ್ಸಿನಲ್ಲಿ, ಲೋಕದ ಮನ್ನಣೆಯನ್ನು ಕಾಣದೆಯೇ ಅವನು ತೀರಿಕೊಂಡನು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಭಾರತದ ಕಲ್ಕತ್ತೆಯಲ್ಲಿ ರೋಗಿಗಳ ಕರುಳಿನಲ್ಲಿಯೂ ಕೆರೆಯ ನೀರಿನಲ್ಲಿಯೂ ಕಾಲರಾದ ರೋಗಾಣುವನ್ನು ಗುರುತಿಸಿದಾಗ, ಸ್ನೋ ಹೇಳಿದ ಕಾಣದ ಶತ್ರುವಿನ ಸ್ವರೂಪ ಲೋಕಕ್ಕೆ ವಿಶದವಾಯಿತು. ಈ ರೋಗಾಣು ಕಡಲು ಮತ್ತು ನದಿಗಳು ಕೂಡುವ ಅಳಿವೆಗಳ ಸವುಳು ನೀರಿನಲ್ಲಿಯೂ ಬದುಕಬಲ್ಲದೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂದಿತು. ಇಂದು ಬಾವಿ ಕೆರೆಗಳ ನೀರನ್ನು ಮಾತ್ರವಲ್ಲದೆ ಕರಾವಳಿಯ ನೀರನ್ನೂ ಪರೀಕ್ಷೆಗೆ ಒಳಪಡಿಸುತ್ತಾರೆ.

ಸ್ನೋ ಯಾವ ರೋಗಾಣುವನ್ನೂ ಹಿಡಿದು ತೋರಿಸಲಿಲ್ಲ. ಸಾವಿನ ಭಯದಿಂದ ಹಿಂಜರಿಯದೆ ಬಾಗಿಲು ಬಾಗಿಲಿಗೂ ಹೋಗಿ, ಕೇಳಿ, ಎಣಿಸಿ, ಅಳೆದು ನೋಡಿದನು. ನೀರನ್ನು ನೋಟದಿಂದಾಗಲಿ ರುಚಿಯಿಂದಾಗಲಿ ನಂಬದೆ ಪರೀಕ್ಷೆಯಿಂದಲೇ ನಂಬಬೇಕೆಂಬ ಪಾಠವನ್ನು ಅವನು ಮಾನವಕುಲಕ್ಕೆ ಬಿಟ್ಟುಹೋದನು. ಶುದ್ಧವಾದ ಒಂದು ಲೋಟ ನೀರಿನ ಹಿಂದೆ ಇಂತಹ ಮಹನೀಯರ ಶ್ರಮ ಅಡಗಿದೆ.