ಲಾಲ್‌ಬಾಗಿನ ಕೃಂಬಿಗಲ್ ಮತ್ತು ನಿಮ್ಮ ಅಂಗಳದ ಬೇಸಿಗೆ ಹೂ

ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಕುರ್ಡಿ ಕಡೆಯ ಹಳ್ಳಿಗಳಲ್ಲೂ ಇದ್ದೀರಿ. ಅಲ್ಲಿಯ ಬಣ್ಣಕ್ಕೆ ಮರುಳಾಗಿ ನಾಲ್ಕು ಬೀಜದ ಪೊಟ್ಟಣ ತಂದು, ಶಿವರಾತ್ರಿ ಕಳೆದ ಮೇಲೆ ಬಿತ್ತಿ, ಯುಗಾದಿ ದಾಟುವಷ್ಟರಲ್ಲಿ ಒಣಕಡ್ಡಿ ಕಿತ್ತೆಸೆದವರೂ ಇರಬಹುದು. ಬಹಳ ಸಲ ತಪ್ಪು ಇರುವುದು ಗಿಡದ ಆಯ್ಕೆಯಲ್ಲಿ. ಯಾವ ಹವೆಗೆ ಯಾವ ಗಿಡ ಎಂಬ ವಿಚಾರದಲ್ಲೇ ಆಯುಷ್ಯ ಸವೆಸಿದ ಒಬ್ಬ ತೋಟಗಾರರ ಜೀವನವನ್ನು ಈ ವಾರ ನಿಮಗೆ ಪರಿಚಯಿಸುತ್ತೇನೆ.

ಗುಸ್ಟಾವ್ ಹರ್ಮನ್ ಕೃಂಬಿಗಲ್ ಅವರು 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಬಳಿಯ ಲೋಮೆನ್ ಎಂಬ ಊರಿನಲ್ಲಿ ಹುಟ್ಟಿದರು. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತು, ಹ್ಯಾಂಬರ್ಗ್‌ನಲ್ಲಿ ದುಡಿದು, 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಮಡಿಗಳ ವಿನ್ಯಾಸ ಮಾಡಿದರು, ಹೆಸರಾಂತ ಕ್ಯೂ ಸಸ್ಯೋದ್ಯಾನದಲ್ಲಿಯೂ ಕೆಲಸಕ್ಕಿದ್ದರು. ಹೂಮಡಿಯ ಜೀವಾಳವೇ ವಾರ್ಷಿಕ ಹೂಗಿಡ, ಅಂದರೆ ಜೋಳ ಸಜ್ಜೆಯಂತೆ ಒಂದೇ ಹಂಗಾಮಿನಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಕಟ್ಟಿ ಮುಗಿಯುವ ಗಿಡ. ಆ ದೇಶಗಳಲ್ಲಿ ಚಳಿ ಕಳೆದ ಮೇಲೆ ಇವನ್ನು ನೆಟ್ಟು ಬೇಸಿಗೆಯಲ್ಲಿ ಹೂ ನೋಡುತ್ತಾರೆ. ಅವರ ಬೇಸಿಗೆ ನಮ್ಮ ಡಿಸೆಂಬರಿನ ಹಗಲಿನಷ್ಟು ಕಾದರೆ ಹೆಚ್ಚು.

1893ರಲ್ಲಿ ಅವರು ಬರೋಡಾ ಸಂಸ್ಥಾನದ ಉದ್ಯಾನಗಳ ಮೇಲ್ವಿಚಾರಕರಾಗಿ ಭಾರತಕ್ಕೆ ಬಂದರು. ಬರೋಡಾದ ಮೇ ತಿಂಗಳು ರಾಯಚೂರಿನ ಮೇ ತಿಂಗಳಿಗೆ ಅಣ್ಣನೋ ತಮ್ಮನೋ ಇದ್ದಂತೆ. ಎರಡು ಕಡೆಯೂ ಬಿಸಿಲು 40 ಡಿಗ್ರಿ ದಾಟುತ್ತದೆ. ತಂಪು ದೇಶದ ತೋಟಗಾರನಿಗೆ ಅಲ್ಲಿ ಪಂಚಾಂಗವೇ ತಲೆಕೆಳಗು. ಅವರ ಊರಿನಲ್ಲಿ ಬೇಸಿಗೆಯ ಹೂಗಳಾದ ಸ್ವೀಟ್ ಪೀ, ಫ್ಲಾಕ್ಸ್, ಪ್ಯಾನ್ಸಿ ನಮ್ಮ ಕಡೆ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ ಬಿತ್ತಿ ಚಳಿಗಾಲದಲ್ಲಿ ನೋಡಬೇಕಾದ ಹೂಗಳು. ಬೇಸಿಗೆಗೆ ಬೇಕಾದದ್ದು ಬಿಸಿ ಸೀಮೆಯಲ್ಲೇ ಹುಟ್ಟಿ ಬೆಳೆದ ಗಿಡ. ಫೆಬ್ರವರಿ ಕೊನೆಯಲ್ಲಿ ಪೇಟೆಯಲ್ಲಿ ಅರಳಿ ನಿಂತ ಪೆಟೂನಿಯಾ ಕುಂಡ ಕಂಡರೆ ಕಣ್ಣು ತುಂಬ ನೋಡಿ ಮುಂದೆ ಹೋಗಿರಿ. ಅದರ ದಿನ ಮುಗಿಯುತ್ತ ಬಂದಿರುತ್ತದೆ.

ಮೈಸೂರು ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಜಾನ್ ಕ್ಯಾಮರಾನ್ ಅವರ ನಂತರ ಕೃಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತರು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟವದು. ಅಲ್ಲಿ ಅವರು ಬೇರೆ ದೇಶಗಳ ಉದ್ಯಾನಗಳೊಡನೆ ಬೀಜ, ಸಸಿಗಳ ವಿನಿಮಯ ನಡೆಸಿದರು. ನಮ್ಮದನ್ನು ಕಳುಹಿಸಿ ಅವರದನ್ನು ತರಿಸಿ ಬೆಳೆಸಿ ನೋಡಿದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿದ್ದು ಅವರ ಮುಂದಾಳುತನದಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಉದುರಿಸುವಾಗ ಇನ್ನೊಂದು ಅರಳುವಂತೆ ಸಾಲುಮರ ಆರಿಸಿದ ಕೀರ್ತಿಯೂ ಅವರದೇ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನದ ವಿನ್ಯಾಸದಲ್ಲೂ, ದಿವಾನ್ ಮಿರ್ಜಾ ಇಸ್ಮಾಯಿಲರ ಆಸ್ಥೆಯ ಜೊತೆಗೆ, ಅವರ ಕೈ ಇತ್ತು. ಆದರೆ ನನ್ನ ಮಟ್ಟಿಗೆ ಆ ವೈಭವಕ್ಕಿಂತ ಸಾಲುಮರದ ಲೆಕ್ಕಾಚಾರವೇ ದೊಡ್ಡದು. ಯಾವುದು ಯಾವ ತಿಂಗಳು ಅರಳುತ್ತದೆ ಎಂದು ಮೊದಲೇ ಕೇಳಿಕೊಂಡು ನೆಡುವುದು ನಿಮ್ಮ ಹತ್ತು ಅಡಿ ಅಂಗಳಕ್ಕೂ ಸಲ್ಲುತ್ತದೆ.

ಹಾಗಾದರೆ ನಮ್ಮ ಬೇಸಿಗೆಗೆ ಯಾವುದು? ಮೊದಲ ಮಾತು ಪೋರ್ಟುಲಾಕಾಕ್ಕೆ. ಬ್ರೆಜಿಲ್, ಅರ್ಜೆಂಟೀನಾ ಕಡೆಯ ಗಿಡ. ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಿನ ಬಿಸಿಲಿಗೆ ಅರಳಿ ಮಧ್ಯಾಹ್ನ ಮುಚ್ಚುತ್ತದೆ. ಒಡೆದ ಬಿಂದಿಗೆಯ ತಳದಲ್ಲಿ ಕೂಡ ಬರುತ್ತದೆ, ಬೀಜವೂ ಬೇಡ, ನೆರೆಮನೆಯಿಂದ ನಾಲ್ಕು ತುಂಡು ತಂದು ಚುಚ್ಚಿದರೆ ಸಾಕು. ಮಡಗಾಸ್ಕರಿನಿಂದ ಬಂದ ನಿತ್ಯಪುಷ್ಪ ಇನ್ನೊಂದು. ಇದು ನಿಜಕ್ಕೆ ಬಹುವಾರ್ಷಿಕ, ತೋಟಗಾರರು ವಾರ್ಷಿಕದಂತೆ ಬೆಳೆಸುತ್ತಾರೆ. ಬಾಯಾರಿದರೂ ಸಾಯದು, ನೀರು ನಿಂತರೆ ಮಾತ್ರ ಬೇರು ಕೊಳೆತು ಸಾಯುತ್ತದೆ. ಈ ಗಿಡ ವಿಷಕಾರಿ, ಆದ್ದರಿಂದ ಚಿಕ್ಕ ಮಕ್ಕಳ ಕೈಗೆ, ಕಟ್ಟಿದ ಆಡಿನ ಬಾಯಿಗೆ ಸಿಗುವಲ್ಲಿ ಇಡಬೇಡಿರಿ.

ಮೆಕ್ಸಿಕೋದ ಜಿನ್ನಿಯಾ ಬಣ್ಣಕ್ಕೆ ಹೆಸರಾದದ್ದು. ಬೀಜವನ್ನು ಮಡಿಯಲ್ಲೇ ಅಡಿಗೊಂದರಂತೆ ಊರಿರಿ. ಎರಡು ತಿಂಗಳಲ್ಲಿ ಹೂ. ನೀರು ಬುಡಕ್ಕೆ ಹಾಕಬೇಕು, ಎಲೆ ತೊಯ್ದರೆ ಬೂದಿ ರೋಗ, ಎಲೆಚುಕ್ಕೆ ಬರುತ್ತವೆ. ಕೋಳಿಜುಟ್ಟು, ಗೋಂಫ್ರೀನಾ ಎರಡೂ ಬಿಸಿಲಿಗೆ ಅಂಜುವುದಿಲ್ಲ. ಗೋಂಫ್ರೀನಾ ಬೀಜವನ್ನು ಒಂದು ರಾತ್ರಿ ನೆನೆಸಿ ಬಿತ್ತಿರಿ. ಅದರ ಹೂ ಕೊಯ್ದು ಒಣಗಿಸಿದರೂ ಬಣ್ಣ ಉಳಿಯುತ್ತದೆ. ಚೆಂಡುಹೂವೂ ಮೆಕ್ಸಿಕೋದ್ದೇ ಆದರೂ ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ಕೇಳುತ್ತದೆ, ಹೂ ಸಣ್ಣದಾಗುತ್ತದೆ. ಅದನ್ನು ದಸರಾ ದೀಪಾವಳಿಗೆ ಇಟ್ಟುಕೊಂಡರೆ ಅಂಗಳಕ್ಕೂ ಚೆಂದ, ಸಂತೆಗೂ ಲಾಭ.

ಕುಂಡಕ್ಕೆ ಯರೆಮಣ್ಣು ಒಂದನ್ನೇ ತುಂಬಬಾರದು. ತೊಯ್ದರೆ ಅಂಟು, ಒಣಗಿದರೆ ಬಿರುಕು. ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಪಾಲು ಸೇರಿಸಿರಿ. ತಳದಲ್ಲಿ ತೂತು ಇರಲಿ, ಮೇಲೆ ಹೆಂಚಿನ ಚೂರು ಮುಚ್ಚಿರಿ. ಎಣ್ಣೆಯ ತಗಡಿನ ಡಬ್ಬಿಯಾದರೆ ಹೊರಗೆ ಸುಣ್ಣ ಬಳಿಯಿರಿ, ಬೇರು ಬೇಯುವುದು ತಪ್ಪುತ್ತದೆ. ಅಕ್ಕಿ ಬೇಳೆ ತೊಳೆದ ನೀರು ಹಾಕಬಹುದು, ಸೋಪಿನ ನೀರು ಬೇಡ. ಕೊಳವೆ ಬಾವಿ ನೀರು ಸವಳಾಗಿದ್ದು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದರೆ, ಸಿಹಿನೀರು ಸಿಕ್ಕ ದಿನ ತಳದಿಂದ ಹರಿದು ಹೋಗುವಷ್ಟು ಹಾಕಿ ತೊಳೆಯಿರಿ. ಕುಡಿಯುವ ನೀರಿಗೇ ಹೆಣ್ಣುಮಕ್ಕಳು ಕೊಡ ಹಿಡಿದು ನಿಲ್ಲುವ ಊರಾಗಿದ್ದರೆ ಪೋರ್ಟುಲಾಕಾ ಒಂದೇ ಇಟ್ಟು, ಉಳಿದ ಬೀಜವನ್ನು ಮಳೆ ಬಂದ ಮೇಲೆ ಬಿತ್ತಿರಿ. ಇವೆಲ್ಲ ಮಳೆಗಾಲಕ್ಕೂ ಹೊಂದುವ ಗಿಡಗಳೇ.

ಕೃಂಬಿಗಲ್ 1932ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಅವರ ಕೈಕೆಳಗೇ ಪಳಗಿದ ಎಚ್.ಸಿ. ಜವರಾಯರು. ಇಷ್ಟು ಕಾಲ ಈ ನಾಡಿಗೆ ದುಡಿದರೂ, ಯುದ್ಧಕಾಲದಲ್ಲಿ ಜರ್ಮನಿಯವರೆಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಆಮೇಲೂ ಅವರು ಬೆಂಗಳೂರು ಬಿಟ್ಟು ಹೋಗಲಿಲ್ಲ. 1956ರ ಫೆಬ್ರವರಿಯಲ್ಲಿ, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ, ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ನಿಜಾಮರ ಹೈದರಾಬಾದ್ ಸೀಮೆಯಲ್ಲಿದ್ದ ನಮ್ಮ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು ಅದೇ ವರ್ಷ ನವೆಂಬರ್ 1ರಂದು.