ಎದುರಾಳಿ ಸಿಗದ ಮಲ್ಲ — ಗಾಮಾ ಪೈಲ್ವಾನನ ಜೀವನ

ಕಳೆದ ವಾರ ಉಧ್ನಾ ಸ್ಟೇಶನ್ನಿನ ಬಳಿಯ ಒಂದು ಹೊಟೇಲಿನಲ್ಲಿ, ರಾತ್ರಿ ಬಾಗಿಲು ಎಳೆದ ಮೇಲೆ, ನಮ್ಮ ಹುಡುಗರು ನಾಲ್ಕೈದು ಮಂದಿ ಒಂದು ಮೊಬೈಲಿನ ಸುತ್ತ ಕುಳಿತು ಮೋಟಾರ್ ಸೈಕಲ್ ಪಂದ್ಯದ ಚಿತ್ರವನ್ನು ನೋಡುತ್ತಿದ್ದರು. ಅದು 2025ನೆಯ ಇಸವಿಯ ಪಂದ್ಯ. ಆ ವರ್ಷ ಸ್ಪೇನ್ ದೇಶದ ಮಾರ್ಕ್ ಮಾರ್ಕೆಸನು ಇನ್ನೂ ಐದು ಕೂಟಗಳು ಬಾಕಿಯಿರುವಾಗಲೇ ಜಗತ್ತಿನ ಪ್ರಥಮ ಪದವಿಯನ್ನು ಕೈವಶ ಮಾಡಿಕೊಂಡಿದ್ದನು. ಅಡಿಗೆಮನೆಯ ಹುಡುಗನೊಬ್ಬನು, ಒಬ್ಬನೇ ಗೆಲ್ಲುವುದಾದರೆ ನಿದ್ದೆಗೆಟ್ಟು ನೋಡುವುದೇಕೆ ಎಂದು ಆಕ್ಷೇಪಿಸಿದನು. ಗಲ್ಲೆಯ ಮೇಲಿನ ಕಾರಕೂನನು, ಅಂತಹ ಒಬ್ಬನು ಇಲ್ಲದಿದ್ದರೆ ಈ ಆಟದ ಹೆಸರನ್ನು ನಮ್ಮಂಥವರು ಕೇಳುವುದೇ ಇರಲಿಲ್ಲವೆಂದು ವಾದಿಸಿದನು. ವಾದವು ಬಿಸಿಯೇರಿ, ಕಡೆಗೆ ತೀರ್ಪು ಹೇಳುವ ಭಾರವನ್ನು ನಮ್ಮ ಮೇಲೆ ಹೊರಿಸಲಾಯಿತು. ನಾವು ಆ ರಾತ್ರಿ ತೀರ್ಪು ಹೇಳಲಿಲ್ಲ. ಅದಕ್ಕೆ ಬದಲಾಗಿ ಐವತ್ತು ವರ್ಷಗಳ ಕಾಲ ಸೋಲೆಂಬುದನ್ನೇ ಕಾಣದ ಮಲ್ಲನೆಂದು ಹೆಸರಾದ ಒಬ್ಬನ ಜೀವನವನ್ನು ಇಂದು ವಾಚಕರ ಮುಂದಿಡುತ್ತೇವೆ. ಆಟ ಬೇರೆಯಾದರೂ ಪ್ರಶ್ನೆ ಅದೇ.

ಉಧ್ನಾದಿಂದ ರೈಲು ಹತ್ತಿದರೆ ಎರಡು ಎರಡೂವರೆ ತಾಸಿನಲ್ಲಿ ಬಡೋದೆ ಸಿಗುತ್ತದೆ. ಅಲ್ಲಿಯ ಸಯಾಜಿಬಾಗಿನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಎರಡೂವರೆ ಅಡಿ ಎತ್ತರದ ಒಂದು ಕಲ್ಲನ್ನು ಇರಿಸಿದ್ದಾರೆ. 1902ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ, ಬಡೋದೆಗೆ ಕುಸ್ತಿಗೆಂದು ಬಂದಿದ್ದ ಗಾಮಾ ಎಂಬ ಯುವಕನು ಈ ಕಲ್ಲನ್ನು ಎತ್ತಿದನೆಂದು ಅದರ ಮೇಲಿನ ಬರಹವು ಸಾರುತ್ತದೆ. ಕಲ್ಲಿನ ತೂಕ 1200 ಕಿಲೋ ಎಂದು ಹೇಳುತ್ತಾರೆ. ಈ ವಿಷಯಕ್ಕೆ ಮುಂದೆ ಮರಳಿ ಬರುತ್ತೇವೆ.

ಗಾಮಾನ ಪೂರ್ಣ ನಾಮಧೇಯ ಗುಲಾಮ್ ಮಹಮ್ಮದ್ ಬಕ್ಷ್. 1878ರಲ್ಲಿ ಪಂಜಾಬಿನ ಅಮೃತಸರದ ಪ್ರಾಂತದಲ್ಲಿ, ಪೀಳಿಗೆಯಿಂದ ಮಲ್ಲವಿದ್ಯೆಯನ್ನೇ ನಂಬಿದ್ದ ಮನೆತನದಲ್ಲಿ ಜನಿಸಿದನು. ತಂದೆ ಅಜೀಜ್ ಬಕ್ಷನು ಹೆಸರಾಂತ ಪೈಲ್ವಾನನಾಗಿದ್ದನು. ಮಗನಿಗೆ ಇನ್ನೂ ಆರು ವರ್ಷದ ಸುಮಾರಿನಲ್ಲಿರುವಾಗಲೇ ತಂದೆ ತೀರಿಕೊಂಡನು. ಅಜ್ಜನೂ ಆಮೇಲೆ ಸೋದರಮಾವನೂ ಹುಡುಗನನ್ನು ಸಾಕಿ, ತಂದೆಯ ವಿದ್ಯೆಯನ್ನೇ ಕಲಿಸಿದರು. ಹತ್ತನೆಯ ವಯಸ್ಸಿನಲ್ಲಿ, ಅಂದರೆ 1888ರಲ್ಲಿ, ಜೋಧಪುರದಲ್ಲಿ ಬೈಠಕ್ಕಿನ ಪಂದ್ಯವೊಂದು ನಡೆಯಿತು. ನಾನೂರಕ್ಕೂ ಹೆಚ್ಚು ಪೈಲ್ವಾನರು ಸೇರಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಕಾಲು ಸೋತು ಕುಳಿತರು. ಕಡೆಗೆ ಉಳಿದ ಹದಿನೈದು ಮಂದಿಯಲ್ಲಿ ಈ ಬಾಲಕನೂ ಒಬ್ಬನಾಗಿದ್ದನು. ಅವನ ಪ್ರಾಯವನ್ನು ನೋಡಿ ಜೋಧಪುರದ ಮಹಾರಾಜನು ಅವನನ್ನೇ ಗೆದ್ದವನೆಂದು ಘೋಷಿಸಿದನು. ಆ ಬಳಿಕ ದತಿಯಾ ಸಂಸ್ಥಾನದ ಅರಸನು ಅವನನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡನು. ಮನೆ ಬಿಟ್ಟು ಪರಸ್ಥಳಕ್ಕೆ ಬಂದು ದುಡಿಮೆಯಿಂದ ಮೇಲೆ ಬಂದವರೇ ನಮ್ಮ ವಾಚಕರಲ್ಲಿ ಹಲವರಿರುವುದರಿಂದ, ಈ ಬಾಲ್ಯದ ಕಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗಾಮಾ ಐದು ಅಡಿ ಏಳು ಅಂಗುಲದ ಆಳು. ಪ್ರಾಯಕ್ಕೆ ಬರುತ್ತಲೇ ಸಂಸ್ಥಾನಗಳ ದಂಗಲುಗಳಲ್ಲಿ ಒಬ್ಬೊಬ್ಬರನ್ನೇ ಚಿತ್ತುಮಾಡುತ್ತ ನಡೆದನು. ಆದರೆ ಒಬ್ಬನು ಮಾತ್ರ ಚಿತ್ತಾಗಲಿಲ್ಲ. ಗುಜ್ರಾನ್‌ವಾಲಾದ ರಹೀಮ್ ಬಕ್ಷ್ ಸುಲ್ತಾನೀವಾಲಾ ಎಂಬ ಆ ಮಲ್ಲನು ಏಳಡಿಯ ಸಮೀಪದವನು. ವಯಸ್ಸಿನಲ್ಲಿ ಗಾಮಾನಿಗಿಂತ ಬಹಳ ಹಿರಿಯನು. ಇವರಿಬ್ಬರೂ ಒಂದಕ್ಕಿಂತ ಹೆಚ್ಚು ಬಾರಿ ಅಖಾಡಕ್ಕೆ ಇಳಿದು, ತಾಸುಗಟ್ಟಲೆ ಸೆಣಸಿ, ಸಮಸಮವಾಗಿ ಎದ್ದುಬಂದರು. ಹದಿನೇಳರ ಹುಡುಗನು ಈ ಭೀಮಕಾಯನ ಎದುರು ನಿಂತನೆಂಬ ಸುದ್ದಿಯಿಂದಲೇ ಗಾಮಾನ ಹೆಸರು ದೇಶದಲ್ಲಿ ಹಬ್ಬಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅವನಿಗೆ ಪ್ರಖ್ಯಾತಿಯನ್ನು ತಂದುದು ಅವನು ಗೆದ್ದ ನೂರು ಕುಸ್ತಿಗಳಲ್ಲ, ಗೆಲ್ಲಲಾರದೆ ಹೋದ ಈ ಕುಸ್ತಿಗಳು.

1910ರಲ್ಲಿ ಗಾಮಾ ತನ್ನ ತಮ್ಮ ಇಮಾಮ್ ಬಕ್ಷನೊಡನೆ ಲಂಡನ್ನಿಗೆ ಹೋದನು. ಖರ್ಚನ್ನು ಬಂಗಾಳದ ಶ್ರೀಮಂತರೊಬ್ಬರು ಕೊಟ್ಟರು. ಎತ್ತರ ಸಾಲದೆಂಬ ಕಾರಣದಿಂದ ಅಲ್ಲಿ ಅವನಿಗೆ ಮೊದಲು ಪಂದ್ಯದಲ್ಲಿ ಪ್ರವೇಶವೇ ದೊರೆಯಲಿಲ್ಲ. ಆಗ ಅವನು, ಯಾವ ತೂಕದವರೇ ಆಗಲಿ, ಅರ್ಧ ತಾಸಿನಲ್ಲಿ ಮೂವರನ್ನು ಕೆಡವುವುದಾಗಿ ಬಹಿರಂಗ ಸವಾಲು ಹಾಕಿದನು. ಜನರು ಇದನ್ನು ಬಡಾಯಿಯೆಂದು ಭಾವಿಸಿದರು. ಕಡೆಗೆ ಅಮೆರಿಕದ ರೋಲರ್ ಎಂಬ ವೈದ್ಯ ಮಲ್ಲನು ಮುಂದೆ ಬಂದನು. ಗಾಮಾ ಅವನನ್ನು ಎರಡು ಬಾರಿ ಕೆಡವಿದನು. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೋನೊಡನೆ ಜಾನ್ ಬುಲ್ ಪಟ್ಟಿಗಾಗಿ ಕುಸ್ತಿ ನಡೆಯಿತು. ಝ್ಬಿಸ್ಕೋ ಪ್ರಾರಂಭದಲ್ಲಿಯೇ ಗಾಮಾನ ಬಲವನ್ನು ಅರಿತು, ಚಾಪೆಯ ಮೇಲೆ ಬೋರಲಾಗಿ ಬಿದ್ದು, ಎರಡೂವರೆ ತಾಸಿನ ಕಾಲ ಬಹುಮಟ್ಟಿಗೆ ಏಳದೆಯೇ ಕಾಲಹರಣ ಮಾಡಿದನು. ನೋಡಬಂದ ಜನರು ಬೇಸತ್ತರು. ಪಂದ್ಯವನ್ನು ಒಂದು ವಾರ ಮುಂದಕ್ಕೆ ಹಾಕಲಾಯಿತು. 17ನೆಯ ತಾರೀಖಿನಂದು ಗಾಮಾ ಬಂದನು, ಝ್ಬಿಸ್ಕೋ ಬರಲಿಲ್ಲ. ಪಟ್ಟಿಯನ್ನು ಗಾಮಾನಿಗೆ ಕೊಟ್ಟರು. ಅಮೆರಿಕದ ಫ್ರ್ಯಾಂಕ್ ಗಾಚನಿಗೂ ಅವನು ಸವಾಲು ಹಾಕಿದ್ದನು. ಅದಕ್ಕೆ ಕಡೆಯವರೆಗೂ ಉತ್ತರ ಬರಲಿಲ್ಲ.

ಭಾರತಕ್ಕೆ ಮರಳಿದ ಮೇಲೆ ಅಲಹಾಬಾದಿನಲ್ಲಿ ರಹೀಮ್ ಬಕ್ಷನೊಡನೆ ಕಡೆಯ ಕುಸ್ತಿ ನಡೆಯಿತು. ಬಹಳ ಹೊತ್ತು ಸೆಣಸಿದ ಬಳಿಕ ರಹೀಮನು ಪಕ್ಕೆಲುಬಿನ ನೋವಿನಿಂದ ಹಿಂದೆಗೆದನು. ಗಾಮಾ ಹಿಂದೂಸ್ಥಾನದ ರುಸ್ತುಮನೆನಿಸಿದನು. ತನ್ನ ಜೀವಮಾನದಲ್ಲಿ ಎದುರಿಸಿದವರಲ್ಲಿ ಅತ್ಯಂತ ಬಲಶಾಲಿ ಯಾರೆಂದು ಆಮೇಲೆ ಯಾರಾದರೂ ಕೇಳಿದರೆ, ಅವನು ಲಂಡನ್ನಿನವರ ಹೆಸರನ್ನು ಹೇಳದೆ ರಹೀಮನ ಹೆಸರನ್ನೇ ಹೇಳುತ್ತಿದ್ದನಂತೆ.

ಅಂದಿನಿಂದ ಅವನ ಕಥೆ ಬೇರೆಯ ದಾರಿಯನ್ನು ಹಿಡಿಯಿತು. ಪಟಿಯಾಲಾದ ಮಹಾರಾಜನ ಆಶ್ರಯವಿದ್ದಿತು, ಬೆಳ್ಳಿಯ ಗದೆಯಿದ್ದಿತು, ಮಾನಸನ್ಮಾನಗಳಿದ್ದುವು. ಇಲ್ಲದುದು ಎದುರಾಳಿ ಮಾತ್ರ. 1928ರ ಜನವರಿಯಲ್ಲಿ ಮಹಾರಾಜನು ಅದೇ ಝ್ಬಿಸ್ಕೋನನ್ನು ಪಟಿಯಾಲಾಕ್ಕೆ ಕರೆಸಿದನು. ಹತ್ತಾರು ಸಾವಿರ ಜನರು ದೂರದೂರದಿಂದ ಬಂದು ನೆರೆದರು. ಗಾಮಾನಿಗೆ ಆಗ ಐವತ್ತರ ಸಮೀಪ. ಕೈ ಕೂಡಿತೋ ಇಲ್ಲವೋ, ಒಂದು ನಿಮಿಷವೂ ತುಂಬುವ ಮೊದಲೇ ಝ್ಬಿಸ್ಕೋ ಬೆನ್ನ ಮೇಲೆ ಬಿದ್ದಿದ್ದನು. ಜನರು ಜಯಘೋಷ ಮಾಡಿದುದರಲ್ಲಿ ಆಶ್ಚರ್ಯವಿಲ್ಲ. ಪರರ ಆಳ್ವಿಕೆಯಲ್ಲಿದ್ದ ದೇಶಕ್ಕೆ ಆ ಒಂದು ನಿಮಿಷವು ಒಂದು ಹಬ್ಬವೇ ಆಗಿದ್ದಿತು. ಆದರೆ ಅವರು ಕಂಡುದು ಒಂದು ಜಯವನ್ನು, ಕುಸ್ತಿಯನ್ನಲ್ಲ. ಮರುವರ್ಷ ಪೀಟರ್ಸನ್ ಎಂಬ ಮತ್ತೊಬ್ಬ ಪರದೇಶಿಯನ್ನೂ ಅವನು ಕ್ಷಣಾರ್ಧದಲ್ಲಿ ಮುಗಿಸಿದನು. ಅದಾದ ಮೇಲೆ ಅವನಿಗೆ ಸಮನಾದ ಜೋಡಿ ದೊರೆಯಲಿಲ್ಲ.

ಈಗ ನಮ್ಮ ಹುಡುಗರ ಮೋಟಾರ್ ಸೈಕಲ್ಲಿನ ಕಡೆಗೆ ಒಮ್ಮೆ ತಿರುಗೋಣ. 1967ರಲ್ಲಿ 500 ಸಿಸಿ ವರ್ಗದಲ್ಲಿ ಇಂಗ್ಲೆಂಡಿನ ಮೈಕ್ ಹೇಲ್‌ವುಡ್ ಹೋಂಡಾದ ಮೇಲೂ, ಇಟಲಿಯ ಜಾಕೊಮೊ ಅಗೋಸ್ಟಿನಿ ಎಂವಿ ಅಗಸ್ಟಾದ ಮೇಲೂ ಸ್ಪರ್ಧಿಸಿದರು. ವರ್ಷಾಂತ್ಯದಲ್ಲಿ ಇಬ್ಬರಿಗೂ ಐದೈದು ಜಯ; ಅಂಕಗಳೂ ಸಮನಾಗಿದ್ದುವು. ಯಾರು ಹೆಚ್ಚು ಬಾರಿ ಎರಡನೆಯವರಾಗಿ ಬಂದರೆಂದು ಎಣಿಸಿ ಅಗೋಸ್ಟಿನಿಗೆ ಪದವಿಯನ್ನು ಕೊಡಬೇಕಾಯಿತು. 1968ರ ಪಂದ್ಯಗಳು ಪ್ರಾರಂಭವಾಗುವ ಮೊದಲೇ ಹೋಂಡಾ ಕಂಪನಿಯು ರಂಗದಿಂದ ಹಿಂದೆಗೆಯಿತು. ಆ ವರ್ಷದ ಹತ್ತು ಪಂದ್ಯಗಳಲ್ಲಿ ಹತ್ತನ್ನೂ ಅಗೋಸ್ಟಿನಿಯೇ ಗೆದ್ದನು. ಸವಾರನು ಅದೇ ಸವಾರ, ವಾಹನವು ಅದೇ ವಾಹನ. ಆದರೂ ಹಳೆಯ ಪ್ರೇಮಿಗಳು ಇಂದಿಗೂ ಚರ್ಚಿಸುವುದು 1967ನ್ನು. 1968ನ್ನು ಲೆಕ್ಕದ ಪುಸ್ತಕದಲ್ಲಿ ಮಾತ್ರ ನೋಡುತ್ತಾರೆ. ಎಲ್ಲವನ್ನೂ ಗೆದ್ದ ವರ್ಷಕ್ಕಿಂತ ಅರ್ಧವನ್ನು ಸೋತ ವರ್ಷವೇ ಅವನ ಕೀರ್ತಿಯನ್ನು ಬೆಳೆಸಿತೆಂದು ನಮಗೆ ತೋರುತ್ತದೆ.

ನಮ್ಮ ಸ್ವಂತದ ಒಂದು ಮಾತನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ಪತ್ರಿಕೆಗೆ ಬರುವ ಮೊದಲು ನಾವು ಹೊಟೇಲು ನಡೆಸುತ್ತಿದ್ದೆವು. ಆ ರಸ್ತೆಯಲ್ಲಿ ನಾಲ್ಕು ವರ್ಷ ನಮ್ಮದೊಂದೇ ಹೊಟೇಲಿದ್ದಿತು. ಮೊದಲ ವರ್ಷ ಜನರು ಹುಡುಕಿಕೊಂಡು ಬಂದರು. ನಾಲ್ಕನೆಯ ವರ್ಷದ ಹೊತ್ತಿಗೆ ಸಾಂಬಾರು ತೆಳ್ಳಗಾಗಿದ್ದಿತು; ಮೇಜು ಒರೆಸುವ ಬಟ್ಟೆ ಕಪ್ಪಾಗಿದ್ದಿತು; ನಮಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಎದುರುಗಡೆ ಇನ್ನೊಂದು ಹೊಟೇಲು ತೆರೆದಾಗ ನಾವು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆದರೆ ವರ್ಷ ಕಳೆಯುವುದರೊಳಗೆ ಆ ರಸ್ತೆಯೇ ತಿಂಡಿಯ ರಸ್ತೆಯೆನಿಸಿ, ಎರಡು ಕಡೆಯೂ ಜನ ತುಂಬಿದರು. ಎದುರಿನವನಿಗೆ ನಾವು ಕೃತಜ್ಞರಾಗಿರಬೇಕೆಂಬುದು ಬಹಳ ತಡವಾಗಿ ತಿಳಿಯಿತು.

ಗಾಮಾನನ್ನು ಮಾತ್ರ ಸೋಮಾರಿತನಕ್ಕಾಗಿ ದೂಷಿಸುವಂತಿಲ್ಲ. ಅವನು ನಿತ್ಯದ ಸಾಧನೆಯನ್ನು ಬಿಡಲಿಲ್ಲ, ಸವಾಲನ್ನೂ ತಪ್ಪಿಸಿಕೊಳ್ಳಲಿಲ್ಲ. ತಪ್ಪಿಸಿಕೊಂಡವರು ಇತರರು. ದೇಶವಿಭಜನೆಯ ಕಾಲದಲ್ಲಿ ಅವನು ಲಾಹೋರಿನಲ್ಲಿ ನೆಲೆಸಿದನು. 1947ರ ಆ ಭಯಂಕರ ದಿನಗಳಲ್ಲಿ ತನ್ನ ಬೀದಿಯ ಹಿಂದೂ ನೆರೆಹೊರೆಯವರಿಗೆ ಅಪಾಯ ಬಂದಾಗ, ತಾನೇ ಮುಂದೆ ನಿಂತು ಅವರನ್ನು ಕಾಪಾಡಿದನೆಂದು ಪ್ರತೀತಿಯಿದೆ. ಸಂಸ್ಥಾನಗಳು ಅಳಿದುವು, ಆಶ್ರಯ ತಪ್ಪಿತು. ರೋಗವೂ ಬಡತನವೂ ಒಟ್ಟಿಗೆ ಬಂದುವು. ಗಡಿಯ ಈಚೆಯಿಂದ ಉದ್ಯಮಿ ಘನಶ್ಯಾಮದಾಸ ಬಿರ್ಲಾ ಅವರು ಅವನಿಗೆ ಹಣದ ಸಹಾಯ ಮಾಡಿದರು. 1960ರ ಮೇ 23ರಂದು ಗಾಮಾ ಲಾಹೋರಿನಲ್ಲಿ ದಿವಂಗತನಾದನು.

ಇನ್ನು ಬಡೋದೆಯ ಕಲ್ಲಿನ ವಿಷಯ. ಇಂದಿನ ಜಗದೇಕಬಲಶಾಲಿಗಳು ನೆಲದಿಂದ ಎತ್ತಿರುವ ಅತಿ ಹೆಚ್ಚಿನ ಭಾರವು 500 ಕಿಲೋವಿನ ಆಸುಪಾಸಿನಲ್ಲಿದೆ. 1200 ಕಿಲೋವಿನ ಕಲ್ಲನ್ನು ಒಬ್ಬ ಮನುಷ್ಯನು ಎತ್ತಿದನೆಂದರೆ ತೂಕವೂ ತಿಳಿದ, ಅಕ್ಕಿ ಬೇಳೆಯ ಮೂಟೆಯನ್ನು ಹೊತ್ತೂ ತಿಳಿದ ನಾವು ಹೇಗೆ ನಂಬುವುದು? ಗಾಮಾ ಆ ಕಲ್ಲನ್ನು ಹಿಡಿದು ಏನೋ ಅಸಾಧಾರಣವಾದುದನ್ನು ಮಾಡಿರಬೇಕು. ಉಳಿದುದನ್ನು ಜನರು ಸೇರಿಸಿರಬೇಕು. ದಿನಕ್ಕೆ ಐದು ಸಾವಿರ ಬೈಠಕ್, ಮೂರು ಸಾವಿರ ದಂಡೆ ಎಂಬ ಕಥೆಗಳೂ ಹಾಗೆಯೇ. ಪಕ್ಕದಲ್ಲಿ ನಿಂತು ಅಳತೆಗೆ ಒದಗುವ ಎರಡನೆಯವನು ಇಲ್ಲದಿದ್ದರೆ ಮನುಷ್ಯನು ಕಥೆಯಾಗುತ್ತಾನೆ. ಕಥೆಯನ್ನು ಕೇಳಿ ಜನರು ಕೈಮುಗಿಯುತ್ತಾರೆ. ಮಗನನ್ನು ಗರಡಿಗೆ ಕಳುಹಿಸುವುದಿಲ್ಲ.

ಗಾಮಾನಿಂದ ಕುಸ್ತಿಗೆ ಲಾಭವಾಯಿತೇ, ನಷ್ಟವಾಯಿತೇ? ಲಾಭವಂತೂ ಆಯಿತು. ಕುಸ್ತಿಯನ್ನು ಕಾಣದವರೂ ಅವನ ಹೆಸರನ್ನು ಬಲ್ಲರು. ಆದರೆ ಹೆಸರು ಬೇರೆ, ಆಟದ ಬಾಳ್ವೆ ಬೇರೆ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಕುಸ್ತಿಯ ಮೊದಲ ಪದಕವನ್ನು ತಂದವನು 1952ರಲ್ಲಿ ಹೆಲ್ಸಿಂಕಿಗೆ ಹೋದ ಖಾಶಾಬಾ ಜಾಧವ್. ಕರಾಡದ ಬಳಿಯ ಹಳ್ಳಿಯ ಆತನ ಪ್ರಯಾಣಕ್ಕಾಗಿ ಊರವರು ಹಣ ಕೂಡಿಸಬೇಕಾಯಿತು. ಆತನು ಓದಿದ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಕುಸ್ತಿಯ ಮುಂದಿನ ಪದಕವು 2008ರಲ್ಲಿ ಬೀಜಿಂಗಿನಲ್ಲಿ ಸುಶೀಲ್ ಕುಮಾರನಿಂದ ಬಂದಿತು. ನಡುವೆ 56 ವರ್ಷಗಳು. ಗಾಮಾನ ದೇಶದಲ್ಲಿ ಇಷ್ಟು ಕಾಲ ಬೇಕಾದುದಕ್ಕೆ ಗಾಮಾ ಕಾರಣನಲ್ಲ. ಅರಸರ ಆಶ್ರಯ ಹೋಯಿತು. ಮಣ್ಣಿನ ಅಖಾಡದಿಂದ ಚಾಪೆಗೆ ಹೋಗುವ ಏರ್ಪಾಡು ತಡವಾಯಿತು. ಒಬ್ಬನ ಹೆಸರು ಇಂತಹ ಕೊರತೆಯನ್ನು ತುಂಬುತ್ತದೆಂದು ತಿಳಿದುದೇ ತಪ್ಪು.

ನಮ್ಮ ಮೈಸೂರಿನಲ್ಲಿ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವುದೆಂಬ ಒಂದು ಪದ್ಧತಿಯಿದೆ. ಹಿರಿಯರು ಕುಳಿತು, ಪೈಲ್ವಾನರ ಮೈಯನ್ನೂ ವಯಸ್ಸನ್ನೂ ಪಳಗನ್ನೂ ನೋಡಿ, ಯಾರಿಗೆ ಯಾರು ಸಮನೆಂದು ನಿಶ್ಚಯಿಸುತ್ತಾರೆ. ಕುಸ್ತಿಯ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಆದುದರಿಂದ ನಮ್ಮ ತೀರ್ಪು ಇಷ್ಟು. ಬಾಗಿಲ ತನಕ ಜನರನ್ನು ಕರೆತರುವವನು ಗೆಲ್ಲುವ ಒಬ್ಬನೇ. ಈ ಮಾತಿನಲ್ಲಿ ಗಲ್ಲೆಯ ಕಾರಕೂನನು ಸರಿ. ಬಂದವರನ್ನು ಕೂರಿಸುವವನು ಎರಡನೆಯವನು. ಇದರಲ್ಲಿ ಅಡಿಗೆಮನೆಯ ಹುಡುಗನು ಸರಿ. ಬಲಿಷ್ಠನು ಇನ್ನೂ ಬಲಿಷ್ಠನಾದರೆ ಆಟಕ್ಕೆ ಕೇಡಿಲ್ಲ. ಜೋಡಿ ಕಟ್ಟುವವರು, ಅಂದರೆ ಪಂದ್ಯ ನಡೆಸುವವರು, ಹಣ ಹಾಕುವವರು, ಎರಡನೆಯವನನ್ನು ಬೆಳೆಸುವ ಕೆಲಸವನ್ನು ಬಿಟ್ಟರೆ ಕೇಡು ತಪ್ಪಿದ್ದಲ್ಲ.

ಬಡೋದೆಗೆ ಹೋಗುವ ವಾಚಕರು ಆ ಕಲ್ಲನ್ನು ಅವಶ್ಯವಾಗಿ ನೋಡಿ ಬರಲಿ. ಗಾಮಾನ ಹೆಸರು ಅಲ್ಲಿ ಕಾಣುತ್ತದೆ. ರಹೀಮ್ ಬಕ್ಷನ ಹೆಸರನ್ನು ಅವರೇ ನೆನಪಿಸಿಕೊಳ್ಳಬೇಕು.